ಸೂಜಿ ಇರುವ ಕಡೆ

ಚಂಪಕಳ ಎಡಗಿವಿ ಹೋದದ್ದು ಒಂದು ಮುಂಜಾನೆ, ಹಲ್ಲುಜ್ಜುತ್ತಿದ್ದಾಗ. ನೋವಿಲ್ಲ, ಜ್ವರವಿಲ್ಲ. ಯಾರೋ ಪಕ್ಕದ ಕೋಣೆಯ ಬಾಗಿಲನ್ನು ಸದ್ದಾಗದ ಹಾಗೆ ಮುಂದಕ್ಕೆ ಹಾಕಿಕೊಂಡಂತೆ ಆ ಕಡೆಯ ಲೋಕ ಮುಚ್ಚಿಹೋಯಿತು. ನೀರು ಹೊಕ್ಕಿರಬೇಕು ಅಂದುಕೊಂಡು ತಲೆ ವಾಲಿಸಿ, ಬಚ್ಚಲಿನಲ್ಲೇ ಒಂಟಿಕಾಲಲ್ಲಿ ಕುಪ್ಪಳಿಸಿದಳು. ಮೈಸೂರಿನ ವೈದ್ಯರು ಮಾತ್ರೆ ಕೊಟ್ಟರು, ಕಿವಿಯೊಳಕ್ಕೆ ಚುಚ್ಚುಮದ್ದು ಕೊಟ್ಟರು, ಕೊನೆಗೆ ಕೆಲವರಿಗೆ ಹೀಗಾಗುತ್ತದೆ, ಯಾಕೆಂದು ನಮಗೂ ಪೂರ್ತಿ ಗೊತ್ತಿಲ್ಲ ಎಂದು ಹೇಳಿ ಕಳಿಸಿಕೊಟ್ಟರು.

ಇನ್ನೊಂದು ಕಿವಿ ಇದೆಯಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಕೇಳಿಸುವುದಕ್ಕೆ ಒಂದು ಸಾಕಾಗುತ್ತಿತ್ತು, ನಿಜ. ಆದರೆ ಸದ್ದು ಯಾವ ಕಡೆಯಿಂದ ಬಂತು ಎಂದು ತಿಳಿಯುವುದಕ್ಕೆ ಎರಡು ಬೇಕು ಎನ್ನುವುದು ಚಂಪಕಳಿಗೆ ಆಮೇಲೆ ಗೊತ್ತಾಯಿತು. ಅವಳು ನಂಜನಗೂಡಿನ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಡಂ. ತರಗತಿಯಲ್ಲಿ ಯಾರಾದರೂ "ಮಿಸ್" ಎಂದರೆ ಕಿಟಕಿಯ ಕಡೆ ತಿರುಗುತ್ತಿದ್ದಳು, ಕರೆದವಳು ಬಾಗಿಲ ಹತ್ತಿರ ಇರುತ್ತಿದ್ದಳು. ಮನೆಯಲ್ಲಿ ಫೋನು ಹೊಡೆದುಕೊಂಡರೆ ಕೋಣೆ ಕೋಣೆ ಹುಡುಕಬೇಕು. ಬೇವಿನ ಮರದ ಕೋಗಿಲೆ, ಬೀದಿಯ ಸೌತೆಕಾಯಿ ಗಾಡಿ, ಅಡುಗೆಮನೆಯ ಕುಕ್ಕರು ಎಲ್ಲವೂ ಒಂದೇ ಜಾಗದಲ್ಲಿ, ಅಂದರೆ ಯಾವ ಜಾಗದಲ್ಲೂ ಅಲ್ಲದೆ, ಅವಳ ತಲೆಯ ಸುತ್ತ ಮಂಜಿನ ಹಾಗೆ ತೇಲುತ್ತಿದ್ದವು. ಸಂಗೀತವಂತೂ ಗೋಡೆಗೆ ಬಳಿದ ಸುಣ್ಣದ ಹಾಗಾಗಿಹೋಗಿತ್ತು. ಮದುವೆಗೆ ಮೊದಲು ಏಳೆಂಟು ವರ್ಷ ವೀಣೆ ಕಲಿತಿದ್ದವಳು ಯಾರಿಗೂ ಹೇಳದೆ ಸಂಗೀತ ಕೇಳುವುದನ್ನೇ ನಿಲ್ಲಿಸಿದಳು.

ಗಂಡ ಕೃಷ್ಣಪ್ರಸಾದ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದವನು. ಯಾವುದನ್ನೂ ಎರಡು ಸಲ ಅಳೆಯದೆ ಒಪ್ಪುವ ಮನುಷ್ಯನಲ್ಲ. ಅವಳ ಕಿವಿ ಹೋದ ವಾರದಿಂದಲೇ ಅವನು ರಸ್ತೆಯಲ್ಲಿ ಅವಳ ಬಲಕ್ಕೆ ನಡೆಯಲು ಶುರುಮಾಡಿದ, ಊಟಕ್ಕೆ ಅವಳ ಬಲಕ್ಕೆ ಕೂತ, ಮಂಚದಲ್ಲೂ ಜಾಗ ಬದಲಾಯಿಸಿಕೊಂಡ. ಆ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಹೀಗೇ ಐದಾರು ವರ್ಷ ಕಳೆಯಿತು.

ಕಳೆದ ಬೇಸಿಗೆಯಲ್ಲಿ ಅವಳ ಕಾಲೇಜಿನ ಗೆಳತಿ ಸುಚೇತಾ ಮೈಸೂರಿನಲ್ಲಿ ಹೊಸ ಮನೆಗೆ ಬಂದು ಇವರನ್ನು ಊಟಕ್ಕೆ ಕರೆದಳು. ನಡುಮನೆಯಲ್ಲಿ ರೆಕಾರ್ಡು ಹಾಕುವ ಟರ್ನ್‌ಟೇಬಲ್ ಇತ್ತು. ಊಟದ ಮೇಲೆ ಎಲ್ಲರೂ ತಾರಸಿ ನೋಡಲು ಹತ್ತಿದಾಗ ಚಂಪಕ ಮೆಟ್ಟಿಲು ಹತ್ತುವ ಮನಸ್ಸಾಗದೆ ಅಲ್ಲೇ ಉಳಿದಳು. ಸುಚೇತಾ ಸದ್ದು ಹಿಗ್ಗಿಸುವ ಆಂಪ್ಲಿಫೈಯರನ್ನು ಆರಿಸಿದ್ದಳು, ತಟ್ಟೆ ನಿಲ್ಲಿಸುವುದನ್ನು ಮರೆತಿದ್ದಳು. ಕಪ್ಪು ರೆಕಾರ್ಡು ಸುಮ್ಮನೆ ತಿರುಗುತ್ತಿತ್ತು. ಚಂಪಕ ಬಗ್ಗಿ ನೋಡಿದಳು. ಸ್ಪೀಕರುಗಳು ಮೂಕವಾಗಿದ್ದರೂ ಸೂಜಿಯ ತುದಿಯಿಂದಲೇ, ಇರುವೆಗಳು ಕಛೇರಿ ನಡೆಸಿದಷ್ಟು ಸಣ್ಣಗೆ, ವೀಣೆ ಕೇಳಿಸುತ್ತಿತ್ತು. ಅವಳು ಬಲಗಿವಿಯನ್ನು ಹತ್ತಿರ ತಂದಳು, ದೂರ ಒಯ್ದಳು, ಮತ್ತೆ ತಂದಳು. ಸದ್ದು ಅಲ್ಲಿತ್ತು. ಆ ಗೀರಿನಲ್ಲಿ, ಆ ಸೂಜಿಯ ಕೆಳಗೆ, ಬೆರಳಿಟ್ಟು ತೋರಿಸಬಹುದಾದ ಒಂದು ಜಾಗದಲ್ಲಿ. ಎಷ್ಟೋ ಕಾಲದ ಮೇಲೆ ಒಂದು ನಾದಕ್ಕೆ ಮನೆ ಸಿಕ್ಕಿತ್ತು. ತಾರಸಿಯಿಂದ ಇಳಿದು ಬಂದವರಿಗೆ ಚಂಪಕ ನೆಲದ ಮೇಲೆ ಮಂಡಿಯೂರಿ, ಕಣ್ಣರಳಿಸಿ ಕೂತಿರುವುದು ಕಾಣಿಸಿತು.

"ಏನು ಕಳೀತೇ?" ಎಂದಳು ಸುಚೇತಾ.

"ಏನೂ ಇಲ್ಲ."

ವಾಪಸು ಬರುವಾಗ ಕಾರಿನಲ್ಲಿ ಅವಳು ಗಂಡನಿಗೆ, "ನಮ್ಮನೇಗೂ ಒಂದು ತಗೊಳೋಣಾಂದ್ರೆ" ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಅವಳು ಏನನ್ನಾದರೂ ಬೇಕು ಅಂದು ಎಷ್ಟು ದಿನವಾಗಿತ್ತು ಎಂದು ಯೋಚಿಸುತ್ತಿದ್ದವನಂತೆ ಕಡಕೊಳದವರೆಗೂ ಸುಮ್ಮನೆ ಓಡಿಸಿದ. ಆಮೇಲೆ, "ಬೆಲ್ಟ್ ಡ್ರೈವೋ ಡೈರೆಕ್ಟ್ ಡ್ರೈವೋ ಅನ್ನೋದನ್ನ ಮೊದಲು ನೋಡ್ಬೇಕು" ಎಂದ.

ಅಂದಿನಿಂದ ಅವನಿಗೆ ಅದೇ ಜಪ. ತಟ್ಟೆಯನ್ನು ರಬ್ಬರು ಪಟ್ಟಿ ತಿರುಗಿಸಬೇಕೋ, ಮೋಟಾರೇ ತಿರುಗಿಸಬೇಕೋ? ಸೂಜಿಯ ತುದಿ ಗುಂಡಗಿರಬೇಕೋ, ಮೊಟ್ಟೆಯಾಕಾರಕ್ಕಿರಬೇಕೋ? ಆ ಸೂಜಿಯನ್ನು ಹಿಡಿದುಕೊಂಡು ಅದರ ನಡುಕವನ್ನು ವಿದ್ಯುತ್ತಾಗಿ ಬದಲಿಸುವ ಕಾರ್ಟ್ರಿಡ್ಜ್ ಎನ್ನುವ ಕಡಲೆಕಾಯಿ ಗಾತ್ರದ ಡಬ್ಬಿಯಲ್ಲೇ ಎಲ್ಲ ಇದೆಯಂತೆ. ಅವನು ಊಟ ಮಾಡುತ್ತಾ ಹೇಳುತ್ತಿದ್ದ, ಅವಳು ಬಲಗಿವಿಯಲ್ಲಿ ಕೇಳುತ್ತಿದ್ದಳು. ಆಂಪ್ಲಿಫೈಯರೂ ಎರಡು ಸ್ಪೀಕರುಗಳೂ ಮೊದಲೇ ಬಂದವು. ಅವನು ನಡುಮನೆಯ ಎರಡು ಮೂಲೆಗೆ ಅವನ್ನಿಟ್ಟು, ಟೇಪು ಹಿಡಿದು ಅಳೆದು, ಎರಡಕ್ಕೂ ಸಮದೂರದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಗುರುತಿನ ಮೇಲೆ ಬೆತ್ತದ ಕುರ್ಚಿ ಇಟ್ಟ. "ಇಲ್ಲಿ ಕೂತ್ರೆ ಹಾಡೋರು ಎದುರಿಗೇ ಕೂತ ಹಾಗಿರತ್ತಂತೆ" ಎಂದ. ಚಂಪಕ ನಕ್ಕಳು. ಅವನ ಉತ್ಸಾಹ ಅವಳಿಗೆ ಹಿತವಾಗಿತ್ತು. ತನಗೆ ಬೇಕಾದದ್ದು ಅದಲ್ಲ ಎಂದು ಹೇಳಲು ಹೊರಟರೆ, ಏನು ಬೇಕು ಎನ್ನುವುದಕ್ಕೆ ಅವಳ ಹತ್ತಿರ ಮಾತಿರಲಿಲ್ಲ.

ತಿರುಮಕೂಡಲು ನರಸೀಪುರದಲ್ಲಿ ಮಲ್ಲಿಕಾರ್ಜುನ್ ಎಂಬವರು ಹಳೆಯ ಟರ್ನ್‌ಟೇಬಲ್‌ಗಳನ್ನು ಸರಿಮಾಡಿ ಮಾರುತ್ತಾರೆ, ಮಾರುವ ಮುಂಚೆ ಎಷ್ಟು ಹೊತ್ತು ಬೇಕಾದರೂ ಕೇಳಿಸುತ್ತಾರೆ ಎಂದು ಯಾರೋ ಹೇಳಿದ್ದರು. ಕಾರ್ತೀಕದ ಒಂದು ಭಾನುವಾರ ಗಂಡಹೆಂಡತಿ ಹೊರಟರು. ಸುತ್ತೂರು ದಾಟಿದ ಮೇಲೆ ಎರಡೂ ಕಡೆ ಭತ್ತ ಹೊಂಬಣ್ಣಕ್ಕೆ ತಿರುಗಿತ್ತು. ನಾಲೆಯ ಮೇಲೆ ಬಿಸಿಲು ಅಲ್ಲಾಡದೆ ಮಲಗಿತ್ತು. ಕಿಟಕಿಯ ಗಾಳಿಗೆ ಚಂಪಕಳ ಕಣ್ಣು ಎಳೆಯಿತು. ಎಚ್ಚರವಾದಾಗ ಕಾರು ಒಂದು ರೈಸ್‌ಮಿಲ್ಲಿನ ಅಂಗಳದಲ್ಲಿ ನಿಂತಿತ್ತು.

ಮಿಲ್ಲು ಮಲ್ಲಿಕಾರ್ಜುನ್ ಅವರದೇ. ಭಾನುವಾರವಾದ್ದರಿಂದ ಯಂತ್ರಗಳೆಲ್ಲ ತಣ್ಣಗಿದ್ದವು. ಜಗಲಿಯಲ್ಲಿ ಮೊರದ ತುಂಬ ಅವರೆಕಾಯಿ ಹರಡಿಕೊಂಡು ಬಿಡಿಸುತ್ತಿದ್ದ ವಿಭೂತಿಯ ಅಜ್ಜಿ ತಲೆಯೆತ್ತಿ, "ಪ್ಲೇಟು ಕೇಳಾಕ್ ಬಂದ್ರಾ? ಓಗಿ ಮ್ಯಾಕೆ. ನನ್ ಮಗ ಅಲ್ಲೇ ಅವ್ನೆ. ಮಿಲ್ಲು ನೋಡ್ಕಳ್ಳಾ ಅಂದ್ರೆ ಅದ್ರ ಮುಂದೆ ಕೂತಿರ್ತಾನೆ" ಎಂದರು. ಅವರು ಮಲ್ಲಾಜಮ್ಮ, ಮಲ್ಲಿಕಾರ್ಜುನನ ತಾಯಿ.

ಮರದ ಮೆಟ್ಟಿಲು ಹತ್ತಿದರೆ ಉದ್ದನೆಯ ಅಟ್ಟ. ಮೂರು ಗೋಡೆಗಳ ಉದ್ದಕ್ಕೂ ಎದೆಯೆತ್ತರಕ್ಕೆ ಭತ್ತದ ಮೂಟೆಗಳು. ತವುಡಿನ ಬೆಚ್ಚನೆಯ ವಾಸನೆ. ಗವಾಕ್ಷಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಹೊಟ್ಟಿನ ಕಣಗಳು ಏಳುತ್ತಾ ಬೀಳುತ್ತಾ ಇದ್ದವು. ಒಳಗೆ ಕಾಲಿಟ್ಟೊಡನೆ ಚಂಪಕಳಿಗೆ ತನ್ನ ಬಳೆಯ ಸದ್ದು ಕೂಡ ಹತ್ತಿಯೊಳಗೆ ಬಿದ್ದಂತೆ ಅನಿಸಿತು.

"ಈ ಮೂಟೆ ಸದ್ದ ನುಂಗ್ಬುಡ್ತವೆ ಸಾ," ಎಂದ ಮಲ್ಲಿಕಾರ್ಜುನ್. ನಲವತ್ತರ ದೃಢಕಾಯ, ಪಂಚೆಯ ಮೇಲೆ ಟೀಶರ್ಟು. "ಸುಗ್ಗೀಲಿ ಒಂದ್ ಥರ ಕೇಳ್ತದೆ, ಮೂಟೆ ಖಾಲಿಯಾದ್ ಮ್ಯಾಲೆ ಇನ್ನೊಂದ್ ಥರ. ಈಗ ಹದ್ವಾಗದೆ, ಕೂತ್ಕಳಿ."

ಬೆಂಚಿನ ಮೇಲೆ ಮೂರು ಟರ್ನ್‌ಟೇಬಲ್, ಅದರ ಎರಡು ಕಡೆ ಒಂದೊಂದು ಸ್ಪೀಕರು ಇದ್ದವು. ಮೊದಲನೆಯದು ಗುಂಡಿ ಒತ್ತಿದರೆ ಸೂಜಿಯ ತೋಳು ತಾನೇ ಎದ್ದು ತಾನೇ ಕೂರುವ ಹಗುರದ್ದು. ಎರಡನೆಯದು ಗಾಜಿನ ತಟ್ಟೆಯ ಬೆಲ್ಟ್ ಡ್ರೈವ್, ನೋಡಲು ಲಕ್ಷಣವಾದದ್ದು. ಕೃಷ್ಣಪ್ರಸಾದ್ ಆಗಲೇ ಅದರ ಮುಂದೆ ಬಗ್ಗಿ ನಿಂತಿದ್ದ. ಮೂರನೆಯದು ಇವರ ಮದುವೆಗಿಂತ ಹಳೆಯದು, ಕಲ್ಲಿನಷ್ಟು ಭಾರ. ಮಲ್ಲಿಕಾರ್ಜುನ್ ಅದನ್ನು ಓಡಿಸಿದಾಗ ತಟ್ಟೆಯ ಪಕ್ಕದಲ್ಲಿ ಒಂದು ಪುಟ್ಟ ದೀಪ ನೆಲದಿಂದ ಅಣಬೆ ಎದ್ದ ಹಾಗೆ ಮೇಲೆದ್ದು, ಸೂಜಿ ಇಳಿಯುವ ಜಾಗಕ್ಕೆ ಬೆಳಕು ಹಾಯಿಸಿತು. ರೆಕಾರ್ಡಿನ ಗೀರುಗಳು ಕೊಳದ ನೀರಿನ ಅಲೆಗಳಂತೆ ಮಿನುಗಿದವು.

"ಇದು," ಎಂದಳು ಚಂಪಕ.

"ಇನ್ನೂ ಕೇಳೇ ಇಲ್ವಲ್ಲೇ!" ಕೃಷ್ಣಪ್ರಸಾದನಿಗೆ ಗಾಬರಿ.

"ಸೂಜಿ ಕಾಣತ್ತೆ."

ಅವನು ಮೂರನ್ನೂ ಕೇಳಿದ, ವೇಗ ಅಳೆದ, ಮೋಟಾರಿಗೆ ಕೈಯಿಟ್ಟು ನಡುಕ ನೋಡಿದ. ಕೊನೆಗೆ, ಗಾಜಿನದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ, ಇದರ ವೇಗವೇ ಹೆಚ್ಚು ನಿಖರ ಎಂದು ಸ್ವಲ್ಪ ನಿರಾಸೆಯಿಂದಲೇ ಒಪ್ಪಿದ. ಇನ್ನು ಕಾರ್ಟ್ರಿಡ್ಜ್. ಮಲ್ಲಿಕಾರ್ಜುನ್ ಒಂದೇ ಹಾಡಿಕೆಯ ರೆಕಾರ್ಡನ್ನು ಬೇರೆ ಬೇರೆ ಕಾರ್ಟ್ರಿಡ್ಜ್‌ಗಳಲ್ಲಿ ಕೇಳಿಸಿದ. ಗುಂಡು ಸೂಜಿಯದು ಬೆಚ್ಚಗಿತ್ತು, ಸ್ವಲ್ಪ ಮಬ್ಬು. ಮೊಟ್ಟೆಯಾಕಾರದ್ದು ಇನ್ನಷ್ಟು ಸ್ಪಷ್ಟ. ಮೂರನೆಯದರ ಸೂಜಿಯನ್ನು ಕೂದಲೆಳೆಯಷ್ಟು ತೆಳ್ಳಗೆ ಮಸೆದಿದ್ದರು.

"ಇದ ಕಣ್ಮುಚ್ಕಂಡ್ ಕೇಳಿ ಸಾ."

ಇಬ್ಬರೂ ಕಣ್ಣು ಮುಚ್ಚಿದರು. ಸಹಾನ ರಾಗದ ಒಂದು ಕೃತಿ ಶುರುವಾಯಿತು. ಕಣ್ಣು ಮುಚ್ಚಿದ್ದೇ ಚಂಪಕಳಿಗೆ ದೀಪವೂ ಇಲ್ಲ, ಸೂಜಿಯೂ ಇಲ್ಲ. ದನಿ ಅಟ್ಟದ ತುಂಬ ಹೊಗೆಯಾಡಿತು. ಪಿಟೀಲು ಎಲ್ಲೋ ಪಕ್ಕದ ಮನೆಯಲ್ಲಿ ನುಡಿಸಿದಂತೆ ಮಂಕಾಗಿತ್ತು. ಅವಳು ಅದನ್ನು ಹುಡುಕಿಕೊಂಡು ಹೋಗಿ ದಾರಿ ತಪ್ಪಿ ನಿಂತಿದ್ದಾಗ ಗಂಡನ ದನಿ ಕೇಳಿತು. ಇಷ್ಟು ಸಂತೋಷದ ದನಿಯನ್ನು ಅವನಲ್ಲಿ ಅವಳು ಅಪರೂಪಕ್ಕೆ ಕೇಳಿದ್ದಳು.

"ಅಯ್ಯೋ, ನೋಡೇ ಚಂಪಾ! ಎಡಗಡೆ ಪಿಟೀಲು, ಬಲಗಡೆ ಮೃದಂಗ, ನಡುವೆ ಹಾಡೋರು! ಎಡಗಡೆ ಆ ಕಮಾನು ಎಳಿಯೋದೂ ಕೇಳಿಸ್ತಾ ಇದೆ, ಎಡಗಡೆ..."

ಮಾತು ಅಲ್ಲೇ ಕಡಿಯಿತು. ಚಂಪಕ ಕಣ್ಣು ತೆರೆದಳು. ಅವನ ಮುಖ ಸುಣ್ಣವಾಗಿತ್ತು. "ಒಂದ್ನಿಮಿಷ, ಕಾರಿನ ಕಿಟಕಿ ಹಾಕಿದೀನೋ ಇಲ್ವೋ ನೋಡ್ಬರ್ತೀನಿ" ಎಂದು ಎದ್ದವನು ಮೆಟ್ಟಿಲಿಳಿದು ಹೋದ.

ಮಲ್ಲಿಕಾರ್ಜುನನಿಗೆ ಏನಾಯಿತೆಂದು ತಿಳಿಯಲಿಲ್ಲ. ಸೂಜಿ ಎತ್ತಲು ಕೈ ಚಾಚಿದ.

"ಎತ್ಬೇಡಿ," ಎಂದಳು ಚಂಪಕ. "ಆಂಪ್ಲಿಫೈಯರ್ ಮಾತ್ರ ಆರ್ಸಿ."

ಅವನು ಆರಿಸಿದ. ಅವಳು ಎದ್ದು ಬೆಂಚಿನ ಹತ್ತಿರ ಹೋಗಿ, ಸೆರಗು ತಟ್ಟೆಗೆ ತಗುಲದಂತೆ ಹಿಡಿದುಕೊಂಡು, ಬಲಗಿವಿಯನ್ನು ಸೂಜಿಯ ಹತ್ತಿರಕ್ಕೆ ಇಳಿಸಿದಳು. ಮೂಟೆಗಳ ಆ ಮೌನದಲ್ಲಿ ಸಹಾನ ಒಂದು ಬೀಜದೊಳಗಿನಿಂದ ಬಂದಂತೆ ಬಂತು. ಹಾಡುವವರು, ಪಿಟೀಲು, ಮೃದಂಗ ಎಲ್ಲ ಒಂದೇ ಬಿಂದುವಿನಲ್ಲಿ, ಆ ಬೆಳಕಿನ ಚುಕ್ಕೆಯಲ್ಲಿ. ಸ್ವಲ್ಪ ಹೊತ್ತಿನ ಮೇಲೆ ಅವಳು ತಲೆಯೆತ್ತದೆಯೇ ಹೇಳಿದಳು. "ನಂಗೆ ಎಡಗಿವಿ ಕೇಳ್ಸಲ್ಲ. ಯಾವ ಸದ್ದು ಎಲ್ಲಿಂದ ಬಂತೂಂತ ಗೊತ್ತಾಗಲ್ಲ. ಇದು ಮಾತ್ರ ಎಲ್ಲಿದೇಂತ ಗೊತ್ತಾಗತ್ತೆ." ಬೇರೆಯವರಿಗೆ, ಅದೂ ಗುರುತಿಲ್ಲದವರಿಗೆ, ಇದನ್ನು ಹೇಳುವುದು ಎಷ್ಟು ಸುಲಭ ಎಂದು ಅವಳಿಗೇ ಆಶ್ಚರ್ಯವಾಯಿತು.

ಮಲ್ಲಿಕಾರ್ಜುನ್ ಗಡ್ಡ ಕೆರೆದುಕೊಂಡ. "ಅಂಗಾದ್ರೆ ನಾನ್ ನಿಮ್ಗೆ ತಪ್ಪು ಕೇಳ್ಸಿದೀನಿ ಮೇಡಮ್ಮೋರೆ. ಗೀರಿನ ಎರಡ್ ಗೋಡೇಲೂ ಬ್ಯಾರೆ ಬ್ಯಾರೆ ಸದ್ದಿರ್ತದೆ. ಈಗ ಕೇಳಿದ್ ಸ್ಟೀರಿಯೋದು ಅದ ಎರಡ್ ಕಡೀಕೆ ಹಂಚ್ತದೆ. ಮೋನೋ ಕಾರ್ಟ್ರಿಡ್ಜ್ ಅಂತ ಅದೆ, ಎರಡೂ ಸೇರ್ಸಿ ಒಂದೇ ಮಾಡ್ತದೆ. ಯಾವ್ದೂ ದೂರಕ್ಕೆ ಓಗಲ್ಲ. ತುಂಬ ಅಳೇದಾದ್ರೆ ಸ್ಟೀರಿಯೋ ಪ್ಲೇಟ ಕೆರೆದಾಕ್ಬುಡ್ತದೆ, ಆದ್ರೆ ಈಗಿನ್ದು ಏನೂ ಮಾಡಲ್ಲ. ಯಾರೂ ಕೇಳಲ್ಲಾಂತ ಪೆಟ್ಟಿಗೇಲೇ ಮಡ್ಗಿದೀನಿ."

"ಒಂದೇ ಆದ್ರೆ ಸ್ಪೀಕರ್ ಒಂದೇ ಸಾಕಲ್ವಾ?"

"ಸಾಕು."

"ಆ ಸ್ಪೀಕರ್‌ನ ಮೂಲೇಲಿ ಇಡದೆ, ಇದರ ಕೆಳಗೇ ಇಟ್ರೆ?"

ಅವನು ಯೋಚಿಸಿದ. "ಮುಟ್ಕಂಡ್ ಇಟ್ರೆ ಸೂಜಿ ನಡುಗ್ತದೆ. ಗೋಡೇಗ್ ಒಂದು ಹಲಗೆ ಹೊಡ್ದು ಮಿಷಿನ್ನ ಅದ್ರ ಮ್ಯಾಲಿಡಿ. ಸ್ಪೀಕರು ಕೆಳಗೆ ನೆಲದ್ ಮ್ಯಾಲಿರ್ಲಿ." ಹಾಗೆನ್ನುತ್ತಲೇ ಪೆಟ್ಟಿಗೆ ಹುಡುಕತೊಡಗಿದ.

ಚಂಪಕ ಕೆಳಗಿಳಿದಳು. ಕಾರಿನ ಹತ್ತಿರ ಯಾರೂ ಇರಲಿಲ್ಲ. "ಒಳೆ ಕಡೀಕೋದ್ರು ನಿಮ್ಮೋರು," ಎಂದರು ಮಲ್ಲಾಜಮ್ಮ. ಅವಳ ಮುಖ ನೋಡಿ, "ಬಿಸ್ಲು ಅದೆ, ಸೆರಗು ಒದ್ಕಂಡೋಗವ್ವ" ಎಂದೂ ಸೇರಿಸಿದರು.

ಮಿಲ್ಲಿನ ಹಿಂದೆ ಹೊಳೆಗೆ ಇಳಿಯುವ ಕಲ್ಲು ಮೆಟ್ಟಿಲುಗಳು. ಕೃಷ್ಣಪ್ರಸಾದ್ ಕೊನೆಯ ಮೆಟ್ಟಿಲಿನಲ್ಲಿ, ಪ್ಯಾಂಟಿನ ಅಂಚು ನೆನೆಯುತ್ತಿದ್ದರೂ ಗಮನವಿಲ್ಲದೆ ಕೂತಿದ್ದ. ಚಂಪಕ ಹೋಗಿ ಕೂತಳು. ಅವನು ತನ್ನ ಬಲಕ್ಕೆ ಬರುವಂತೆ ನೋಡಿಕೊಂಡು ಕೂತಳು. ನೀರು ಹರಿಯುತ್ತಿದೆಯೋ ನಿಂತಿದೆಯೋ ಹೇಳಲಾಗದಷ್ಟು ಮೆಲ್ಲಗೆ ಸಾಗುತ್ತಿತ್ತು. ಆಚೆ ದಡದ ಗುಡಿ, ಮರ, ಒಂದು ತೆಪ್ಪ, ಎಲ್ಲ ಬಿಸಿಲಿನಲ್ಲಿ ಅಂಚು ಕರಗಿ ನಿಂತಿದ್ದವು.

"ಮರ್ತೇಹೋಯ್ತು ಕಣೇ," ಎಂದ ಅವನು. "ಇಷ್ಟು ವರ್ಷದಲ್ಲಿ ಒಂದ್ಸಲಾನೂ ಮರ್ತಿರ್ಲಿಲ್ಲ. ಇವತ್ತು ಮರ್ತುಬಿಟ್ಟೆ."

"ಚೆನ್ನಾಗಿತ್ತಾ?"

"ಏನು?"

"ಪಿಟೀಲು."

ಅವನು ಆಚೆ ದಡದ ಗುಡಿಯ ಕಡೆ ಮುಖ ತಿರುಗಿಸಿದ.

"ಹೇಳೀಂದ್ರೆ. ಯಾರೂ ನಂಗೆ ಹೇಳೋದೇ ಇಲ್ಲ. ನನ್ನ ಮುಂದೆ ಎಲ್ಲಾರೂ ಎಡಗಡೇನೇ ಇಲ್ಲ ಅನ್ನೋ ಹಾಗೆ ಮಾತಾಡ್ತೀರಿ."

ಅವನು ನಿಧಾನವಾಗಿ ಹೇಳತೊಡಗಿದ. ಪಿಟೀಲು ಸ್ವಲ್ಪ ಹಿಂದಕ್ಕಿತ್ತು, ಗೋಡೆಗೆ ಒರಗಿ ಕೂತಂತೆ. ಗಾಯಕರ ಮಾತಿಗೆ ತಲೆದೂಗುತ್ತಾ ತಡವಾಗಿ ಹಿಂಬಾಲಿಸುತ್ತಿತ್ತು. ಕಮಾನು ತಿರುಗುವಾಗ ಸಣ್ಣದೊಂದು ಉಸಿರು. ಅವಳು ಕೇಳುತ್ತಾ ಹೋದಳು. ಅವನು ಹೇಳಿ ಮುಗಿಸಿದ ಮೇಲೆ, ಆವರೆಗೆ ಯಾರಿಗೂ ಹೇಳದಿದ್ದದ್ದನ್ನು ಅವಳು ಹೇಳಿದಳು. "ಕನಸಲ್ಲಿ ನಂಗೆ ಎರಡೂ ಕೇಳ್ಸತ್ತೆ. ಅಮ್ಮ ಎಡಗಡೆಯಿಂದ ಕರೀತಾಳೆ, ನಾನು ಸರಿಯಾಗಿ ಎಡಕ್ಕೇ ತಿರುಗ್ತೀನಿ. ಎದ್ದ ಮೇಲೆ ಸ್ವಲ್ಪ ಹೊತ್ತು ಹಾಗೇ ಮಲಗಿರ್ತೀನಿ."

"ನೀನು ಎದ್ದೂ ಮಲಗಿರ್ತೀಯ ಅಂತ ಗೊತ್ತು," ಎಂದ ಅವನು. "ಯಾಕೇಂತ ಗೊತ್ತಿರ್ಲಿಲ್ಲ."

ಆಮೇಲೆ ಚಂಪಕ, ಮೋನೋ ಕಾರ್ಟ್ರಿಡ್ಜ್ ವಿಷಯ ಹೇಳಿದಳು. "ನಂಗೆ ಅದೇ ಬೇಕು. ನಿಮ್ಮ ಕುರ್ಚಿ ಗುರುತು ವ್ಯರ್ಥವಾಗತ್ತೆ. ಪಿಟೀಲು ಎಡಕ್ಕಿರಲ್ಲ. ನಿಮಗೆ ಬೇಜಾರಾಗತ್ತೇಂತ ಗೊತ್ತು, ಆದ್ರೂ ನಂಗೆ ಅದೇ ಬೇಕು."

ಅವಳು ಹೀಗೆ ಕಡ್ಡಿ ಮುರಿದಂತೆ ಕೇಳುತ್ತಿದ್ದ ಕಾಲವನ್ನೇ ಅವನು ಮರೆತುಬಿಟ್ಟಿದ್ದ. ಮುಖದಲ್ಲಿ ಬೇಜಾರು ಬಂದದ್ದೂ ನಿಜ. ಅದನ್ನು ಅವನು ಮುಚ್ಚಿಡಲಿಲ್ಲ, ಅವಳಿಗೆ ಅದೂ ಸಮಾಧಾನವೇ ಆಯಿತು. "ಮೋನೋದಲ್ಲಿ ಸೂಜಿ ಯಾವ ಆಕಾರದ್ದಂತೆ?" ಎಂದು ಕೇಳಿದ.

"ಅದನ್ನ ನೀವೇ ಕೇಳ್ಬೇಕು."

ಅವನು ಎದ್ದು ಪ್ಯಾಂಟಿನ ನೀರು ಹಿಂಡಿಕೊಂಡ. ಮೇಲೆ ಹೋಗಿ ಮಲ್ಲಿಕಾರ್ಜುನನ ಜೊತೆ ಸೂಜಿಯ ಭಾರದ ಬಗ್ಗೆ ಅರ್ಧ ಗಂಟೆ ವಾದ ಮಾಡಿದ. ಬೇಕೆಂದರೆ ಸ್ಟೀರಿಯೋದನ್ನೂ ಒಯ್ಯಿರಿ, ಈ ತೋಳಿನಲ್ಲಿ ಬದಲಾಯಿಸುವುದು ಸುಲಭ ಎಂದ ಮಲ್ಲಿಕಾರ್ಜುನ್. "ಈಗ ಬೇಡ. ಒಂದನ್ನ ಸರಿಯಾಗಿ ಕೂರ್ಸೋದು ಕಲೀತೀನಿ ಮೊದಲು," ಎಂದ ಕೃಷ್ಣಪ್ರಸಾದ್. ಹೊರಡುವಾಗ ಮಲ್ಲಾಜಮ್ಮ ಒಂದು ಚೀಲ ಅವರೆಕಾಯಿ ಕಾರಿನೊಳಗೆ ಇಟ್ಟರು. ಹಿಂದಿನ ಸೀಟಿನಲ್ಲಿ ಟರ್ನ್‌ಟೇಬಲ್ಲಿಗೆ ಸೀಟ್ ಬೆಲ್ಟ್ ಹಾಕಿ, ರಸ್ತೆಯಲ್ಲಿ ಗುಂಡಿ ಕಂಡಲ್ಲೆಲ್ಲ ನಿಂತು ನಿಂತು ಬಂದರು.

ಮುಂದಿನ ವಾರವೆಲ್ಲ ಅವನು ಸಂಜೆ ಬಂದೊಡನೆ ಅದರ ಮುಂದೆ ಕೂತ. ಗೋಡೆಗೆ ಹಲಗೆ ಹೊಡೆಸಿದ, ಮಟ್ಟ ನೋಡಿದ, ತೋಳಿನ ಹಿಂದಿನ ತೂಕವನ್ನು ತಿರುಗಿಸಿ ತಿರುಗಿಸಿ ಸೂಜಿ ಗಾಳಿಯಲ್ಲಿ ತೇಲುವಂತೆ ಮಾಡಿದ, ಆಮೇಲೆ ಎಷ್ಟು ಭಾರ ಬೇಕೋ ಅಷ್ಟು ಕೊಟ್ಟ. ಒಂದು ಸ್ಪೀಕರನ್ನು ಹಲಗೆಯ ನೇರ ಕೆಳಗೆ ತಂದಿಟ್ಟ. ಇನ್ನೊಂದು ಹಾಗೇ ಮೂಲೆಯಲ್ಲಿ ಮೌನವಾಗಿ ಉಳಿಯಿತು. ಮನೆಗೆಲಸದ ರಾಚಮ್ಮ ಅದರ ಮೇಲೆ ಒಗೆದ ಬಟ್ಟೆ ಮಡಿಸಿಡಲು ಶುರುಮಾಡಿದಳು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಚಂಪಕ ನೆಲದ ಮೇಲೆ ಚಾಪೆ ಹಾಸಿ, ಗೋಡೆಗೆ ದಿಂಬು ಕೊಟ್ಟು ಕೂತಳು. ಅವನು ಸೂಜಿ ಇಳಿಸಿದ. ಪುಟ್ಟ ದೀಪ ಎದ್ದಿತು. ವೀಣೆಯ ಮೊದಲ ಮೀಟು ಬಂತು. ಎಲ್ಲಿ ಬೆಳಕು ಬಿದ್ದಿತ್ತೋ ಅಲ್ಲಿಂದಲೇ ನಾದ ಬರುತ್ತಿತ್ತು. ಕಣ್ಣು ಹೇಳಿದ್ದನ್ನು ಕಿವಿ ನಂಬಿತು. ತಂತಿಯ ಮೇಲೆ ಬೆರಳು ಜಾರುವುದು, ಜಾರಿ ನಿಲ್ಲುವುದು, ನಿಂತಲ್ಲೇ ತೂಗುವುದು ಎಲ್ಲ ಒಂದು ಜಾಗದಲ್ಲಿ ನಡೆಯುತ್ತಿತ್ತು. ಆ ಜಾಗಕ್ಕೂ ಅವಳಿಗೂ ನಡುವೆ ಎರಡು ಮಾರು ನೆಲ, ಮಧ್ಯಾಹ್ನದ ಬಿಸಿಲು, ಚಾಪೆಯ ಅಂಚು. ದೂರ ಎನ್ನುವುದು ಅವಳ ಬದುಕಿಗೆ ವಾಪಸು ಬಂದಿತ್ತು. ಅವಳ ಎಡಗೈ ಬೆರಳುಗಳು ತಾವಾಗಿಯೇ ಮೊಣಕಾಲಿನ ಮೇಲೆ ವೀಣೆಯ ಮೆಟ್ಟು ಹುಡುಕಿದವು.

ನಡುವೆ ಒಮ್ಮೆ ತಿರುಗಿ ನೋಡಿದಳು. ಕೃಷ್ಣಪ್ರಸಾದ್ ಬೆತ್ತದ ಕುರ್ಚಿಯಲ್ಲಿ ಕೂತು, ಅಂಗೈಯಿಂದ ತನ್ನ ಎಡಗಿವಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು, ಸೂಜಿಯನ್ನೇ ನೋಡುತ್ತಿದ್ದ. ಅವಳು ನೋಡಿದ್ದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗದಿರಲೆಂದು ಅವಳು ಮೆಲ್ಲಗೆ ಈ ಕಡೆ ತಿರುಗಿಕೊಂಡಳು. ಸ್ವಲ್ಪ ಹೊತ್ತಿಗೆ ಕೈ ಸೋತು ಕೆಳಗಿಳಿದಿರಬೇಕು. ಇನ್ನೂ ಸ್ವಲ್ಪ ಹೊತ್ತಿಗೆ ಕುರ್ಚಿಯಿಂದ ಸಣ್ಣ ಗೊರಕೆ ಕೇಳಿಸಿತು.

ರೆಕಾರ್ಡಿನ ಈ ಬದಿ ಮುಗಿಯಿತು. ಚಂಪಕ ಎದ್ದು, ಅವನು ತೋರಿಸಿಕೊಟ್ಟಂತೆ ತೋಳನ್ನೆತ್ತಿ, ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಮಗುಚಿ ಹಾಕಿದಳು. ಆ ಬದಿಯಲ್ಲಿ ಯಾವ ರಾಗವಿದೆಯೆಂದು ಚೀಟಿ ಓದಲು ಹೋಗಲಿಲ್ಲ. ಹೊರಗೆ ಸೌತೆಕಾಯಿ ಗಾಡಿಯವನು ಎಲ್ಲಿಂದಲೋ ಕೂಗುತ್ತಿದ್ದ. ಎಲ್ಲಿಂದಲಾದರೂ ಕೂಗಲಿ ಎಂದುಕೊಂಡು ಅವಳು ಬಗ್ಗಿ ಸೂಜಿ ಇಳಿಸಿದಳು.